ಏಣಿಯ ತುದಿಯಲ್ಲಿ ಸಾವಂತ್ರಿ

"ಬದುಕು ಒಂದು ಏಣಿ ಅಂತ ತಿಳ್ಕೊರ್ರಿ. ತುದಿ ಅಂದ್ರ ಸುಖ, ಬುಡ ಅಂದ್ರ ದುಃಖ. ನೀವು ಯಾವ ಮೆಟ್ಲ ಮ್ಯಾಲ ಅದೀರಿ?"

ಸಿರುಗುಪ್ಪದ ಶಾಲೆಯ ಕರಿಹಲಗೆ ಮೇಲೆ ಏಣಿ ಬರೆದು ಚಿದಾನಂದ ಕೇಳಿದ. ಹೊಳೆ ಬಂದು ಮನೆ ಕಳೆದುಕೊಂಡವರ ಸುಖದುಃಖ ಅಳೆಯಲು ಬಳ್ಳಾರಿಯಿಂದ ಬಂದ ಸರಕಾರಿ ನೌಕರ. ಬೆಲ್‌ಬಾಟಮ್ ಪ್ಯಾಂಟಿನ ತುಂಬ ಕೆಸರು.

ಶಾಲೆಯಲ್ಲಿ ಆಸರೆ ಪಡೆದಿದ್ದ ಮಂದಿಯ ನಡುವೆ ಸಾವಂತ್ರಿ ತಲೆ ಎತ್ತಿದಳು. ಕಣ್ಣಿಗೆ ಕಣ್ಣು ಸೇರಿತು. ಹೊಳೆ ನೀರಲ್ಲಿ ಕೊಚ್ಚಿಹೋದ ಅಪ್ಪ ಇನ್ನೂ ಸಿಕ್ಕಿರಲಿಲ್ಲ, ಅವ್ವ ವಿರೂಪಮ್ಮ ಜ್ವರದಲ್ಲಿ ನರಳುತ್ತಿದ್ದಳು... ಆದರೂ ಅವಳು ತುದಿಯ ಮೆಟ್ಟಿಲು ತೋರಿಸಿದಳು.

"ಆರಾಮ ಅದೀವ್ರಿ."

ಬಾಯಿಬಿಟ್ಟರೆ ಬಣ್ಣಗೇಡು! ಬಂದವರ ಮುಂದೆ ದುಃಖ ತೋಡಿಕೊಳ್ಳಬಾರದು, ಅದು ಆ ಊರವರ ಮರ್ಯಾದೆ. ಉಳಿದವರೂ ಅದನ್ನೇ ಹೇಳಿದರು. ಅವನು ಬರೆದುಕೊಂಡ. ಹೋಗುವಾಗ ತಿರುಗಿ ತಿರುಗಿ ನೋಡಿದ... ಇವಳೂ ನೋಡಿದಳು, ಸುಳ್ಳೇಕೆ?

ಸ್ವಲ್ಪ ದಿನಕ್ಕೆ ಅಪ್ಪಣೆ ಬಂತು. ಮಂದಿ ಸುಖವಾಗಿದ್ದಾರೆ, ನಾಳೆಯಿಂದ ಶಾಲೆಯ ಗಂಜಿಕೇಂದ್ರ ಬಂದ್. ಅಪ್ಪಣೆ ತಂದವನೂ ಅವನೇ.

"ಹೊಟ್ಟಿ ಮ್ಯಾಲ ಹೊಡದ್ರಲ್ಲ," ಅಂದಳು ಸಾವಂತ್ರಿ. " ನಮ್ಮವ್ವ ಇದೇ ಗಂಜಿ ಮ್ಯಾಲ ಜೀವ ಹಿಡದಾಳ."

"ನೀವು ಹೇಳಿದ್ದನ್ನ ಬರದೀನ್ರಿ..."

"ಆರಾಮ ಅಂದ್ರ ನಂಬೋದೇನು? ನೀವೂ ಈ ಕಡೆಯವ್ರ ಅಲ್ಲೇನು?"

ಅವನ ಮುಖ ಬಾಡಿತು. "ಸುಳ್ಳಂತ ಗೊತ್ತಿತ್ರಿ. ಬಾಯಿ ಅಂದದ್ದನ್ನಷ್ಟ ಬರಿ ಅಂತ ಮ್ಯಾಲಿನವ್ರು ಅಂದಿದ್ರು. ಈಗರ ಖರೇ ಹೇಳ್ರಿ. ಮತ್ತ ಬರ್ಕೊಂಡು ಹೋಗ್ತೀನಿ."

ಹೇಳಿದರೆ ಅಪ್ಪ ಸತ್ತದ್ದು ನಿಜವಾಗಿಬಿಡುತ್ತದೆ... ಹೇಳದಿದ್ದರೆ ಅವ್ವನೂ ಉಳಿಯುವುದಿಲ್ಲ!

"ನಮ್ಮಪ್ಪ ಬರಂಗಿಲ್ರಿ," ಅಂದಳು ಕೊನೆಗೆ. "ಉಣ್ಣಾಕ ಆಗವಲ್ದು, ಮಲಗಾಕ ಆಗವಲ್ದು. ಬದುಕೇ ಬ್ಯಾಡಾಗೈತಿ."

ಅಲ್ಲಿಯವರೆಗೆ ಅಳದವಳು ಗೋಡೆಗೊರಗಿ ಬಿಕ್ಕಿದಳು. ಕೇಳಿದ ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮದನ್ನೂ ಹೇಳಿಕೊಂಡರು. ಚಿದಾನಂದ ಎಲ್ಲವನ್ನೂ ಬರೆದುಕೊಂಡು ಬಳ್ಳಾರಿ ಬಸ್ಸು ಹತ್ತಿದ.

ಮರುದಿನ ಒಲೆ ಹೊತ್ತಲಿಲ್ಲ. ಅದರ ಮರುದಿನವೂ ಇಲ್ಲ. ಅವ್ವನ ತುಟಿಗೆ ಬರೀ ನೀರು. ಇವನೂ ಕೈಬಿಟ್ಟನಾ... ಅವಳು ಬಾಗಿಲು ಕಾಯುತ್ತ ಸೋತಳು.

ಸಂಜೆ ಲಾರಿ ಬಂದು ನಿಂತಿತು. ಅಕ್ಕಿ ಮೂಟೆಗಳ ಮೇಲೆ ಚಿದಾನಂದ ಕುಳಿತಿದ್ದ.

ಗಂಜಿ ಕುಡಿದು ಅವ್ವ ಕಣ್ಣು ಬಿಟ್ಟ ಮೇಲೆ ಸಾವಂತ್ರಿ ಅವನ ಬಳಿ ಬಂದಳು.

"ಹೊಸಾದು ಓದಿ ಅಕ್ಕಿ ಕೊಟ್ರು, ಆದ್ರ ಬರದದ್ದನ್ನ ತಿದ್ದಿದೆ ಅಂತ ನನ್ನ ಕೆಲಸದಿಂದ ತಗದ್ರು," ಅಂದ ಅವನು. "ನಿಮ್ಮನ್ನ ಬಿಟ್ಟು ಹೋಗಾಕ ಮನಸಿಲ್ಲ. ಹೋಗಂದ್ರ ಹೋಗ್ತೀನಿ."

"ನಮ್ಮವ್ವನ್ನ ಕೇಳ್ರಿ."

"ನೀವೇನಂತೀರಿ?"

ಅವಳು ಗೋಡೆಗೊರಗಿ ಕುಳಿತಳು.

"ಇರ್ರಿ... ಈ ಎರಡು ದಿನ ಒಬ್ಬಾಕಿನ ಅತ್ತು ಸಾಕಾಗೈತಿ."

ಅವನು ಅವಳ ಪಕ್ಕದಲ್ಲಿ ನೆಲಕ್ಕೆ ಕುಳಿತ.

"ಅಳ್ರಿ. ನಾ ಇಲ್ಲೇ ಕುಂತಿರ್ತೀನಿ."