ಗಂಟಲು, ಒಂದು ಸಾರಿ

"ಗಿಟಾರಿನ ಸುರುಳಿಯ ಮುಚ್ಚಳ ತೆಗೆದಿರುವಾಗ ಮಾತ್ರ ಮಾತಾಡಬೇಡಿ," ಎಂದಳು ಮುದುಕಿ. "ಬಿಚ್ಚಿ, ನೋಡಿ, ಅಳತೆ ತಗೊಳ್ಳಿ. ಬಾಯಿ ಮಾತ್ರ ಬಿಡಬೇಡಿ."

ಹರಾಜುಗಾರನಿಗೆ ನಗು ತಡೆಯಲಾಗಲಿಲ್ಲ. ಬಾಯಿ ಬಿಡಬೇಡ ಎಂದು ಅವನಿಗೆ ಹೇಳುವುದೇ! ಊರೆಲ್ಲ ಅವನನ್ನು ಕರೆಯುತ್ತಿದ್ದುದೇ 'ಗಂಟಲು' ಎಂದು. ಮೈಕಿಲ್ಲದೆ ಮುನ್ನೂರು ಜನರ ಸಭಾಂಗಣ ತುಂಬುವ ದನಿ. ಅನ್ನ ಹಾಕುತ್ತಿದ್ದುದು ಆ ದನಿ, ಕೊಬ್ಬು ಏರಿಸಿದ್ದೂ ಅದೇ. ಅದನ್ನು ಬಿಟ್ಟರೆ ಅವನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಅರ್ಧ ಖಾಲಿಯಾದ ಮನೆ, ಗೋಡೆಗೆ ಒತ್ತರಿಸಿದ ರಟ್ಟಿನ ಡಬ್ಬಗಳು. ಮೇಜಿನ ಮೇಲೆ ಹಳೆಯ ಎಲೆಕ್ಟ್ರಿಕ್ ಗಿಟಾರು. ಎರಡು ದಪ್ಪ ಹಲಗೆ ಅಂಟಿಸಿ ಕೊರೆದ ಮೈ, ಬಿರುಕುಬಿಟ್ಟ ಹಳದಿ ಬಣ್ಣ, ಉಗುರು ತಾಗಿ ತಾಗಿ ಸವೆದ ಕತ್ತು. ಅದನ್ನು ಮಾಡಿದವನು ಮುದುಕಿಯ ಅಪ್ಪ. ತಂತಿಗಳ ಕೆಳಗಿನ ಸುರುಳಿ ಸುತ್ತಿದವಳು ಅವನ ತಂಗಿ. ಅಯಸ್ಕಾಂತದ ಸುತ್ತ ಕೂದಲಿಗಿಂತ ಸಪೂರದ ತಾಮ್ರದ ಎಳೆ, ಎಂಟು ಸಾವಿರ ಸುತ್ತು.

"ಅತ್ತೆಗೆ ಹಾಡೋ ಹುಚ್ಚು. ಅಪ್ಪ ಒಂದಿನ ಕೆಲಸಗಾರರೆಲ್ಲರ ಮುಂದೆ ಅವರ ದನಿ ಅಣಕಿಸಿ ನಕ್ಕುಬಿಟ್ರು. ಅವತ್ತೇ ಅತ್ತೆ ಬಾಯಿ ಮುಚ್ಚಿದ್ದು. ಈ ಸುರುಳಿ ಸುತ್ತುವಾಗ ತುಟಿ ಮಾತ್ರ ಅಲ್ಲಾಡ್ತಿತ್ತು, ಸುತ್ತಿಗೊಂದು ಮಾತು. ಜನ ಮಾಟ ಅಂದ್ರು. ಮಾಟ ಅಲ್ಲ, ಆಡಕ್ಕೆ ಬಿಡದೇ ಇದ್ದ ಮಾತು."

"ಆಮೇಲೆ?"

"ಅತ್ತೆ ತೀರಿಕೊಂಡ ಮೇಲೆ ಅಪ್ಪ ಇದರ ಮುಚ್ಚಳ ತೆಗೆದು, ಇನ್ನೊಂದ್ಸಲ ಅವರ ಥರಾನೇ ಹಾಡಿ ನಕ್ರು. ಅದಾದ್ಮೇಲೆ ಹತ್ತೊಂಬತ್ತು ವರ್ಷ ಬದುಕಿದ್ರು. ಒಂದು ಮಾತು ಆಡ್ಲಿಲ್ಲ. ಅಪ್ಪನ ಗಂಟಲು ಅತ್ತೆಗೆ ಸಾಲಲಿಲ್ಲ ಅನ್ಸುತ್ತೆ."

"ಅಮ್ಮಾ, ಸುರುಳಿ ಸುತ್ತಿದ್ದು ನಿಮ್ಮತ್ತೆ, ಕತೆ ಸುತ್ತಿದ್ದು ನೀವು," ಎಂದ ಗಂಟಲು. "ಮಾಮೂಲಿ ಗಿಟಾರಿಗಾದ್ರೆ ಹೊಟ್ಟೆ ಇರುತ್ತೆ, ದೆವ್ವ ಒಳಗೆ ಕಾಲು ಚಾಚ್ಕೊಂಡು ಮಲಗಬಹುದು. ಇದು ಗಟ್ಟಿ ಹಲಗೆ. ಟೊಳ್ಳೇ ಇಲ್ಲ. ನಿಮ್ಮತ್ತೆ ಎಲ್ಲಿ ಕೂರ್ತಾರೆ ಪಾಪ?"

"ಟೊಳ್ಳಿರೋರು ಸಿಗೋ ತನಕ ಕಾಯ್ತಾರೆ."

"ಅಷ್ಟು ಭಯ ಇದ್ರೆ ಮಾರೋದ್ಯಾಕೆ?"

"ಹೋಗ್ತಿರೋ ಮನೇಲಿ ಒಂದೇ ಕೋಣೆ. ಇದರ ಜೊತೆ ನಂಗೆ ಮಲಗಕ್ಕಾಗಲ್ಲ."

ಮಧ್ಯಾಹ್ನ ಹರಾಜು ಕಚೇರಿಯ ಹಿಂದಿನ ಕೋಣೆಯಲ್ಲಿ ಅವನು ಗಿಟಾರು ಬಿಚ್ಚಿದ. ಕಿಟಕಿಯಿಲ್ಲದ ಕೋಣೆ, ಒಂದೇ ಬಲ್ಬು. ಬೆನ್ನಿನ ನಾಲ್ಕು ಸ್ಕ್ರೂ ಕಳಚಿದಾಗ ಕತ್ತು ಕೈಗೆ ಬಂತು. ಅದು ಕೂರುವ ಗುಣಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಹಳೇ ತಾರೀಖು. ಮಾಲು ಅಸಲಿ. ಕತ್ತನ್ನು ಮತ್ತೆ ಕೂರಿಸಿ, ತಂತಿ ಬಿಗಿದು, ಆಂಪ್ಲಿಫೈಯರಿಗೆ ವೈರು ಸಿಕ್ಕಿಸಿ, ಸುರುಳಿಯ ಮುಚ್ಚಳ ತೆಗೆದ. ಹಳೇ ಅರಗಿನ ವಾಸನೆ ಬಂತು. ಅದರ ಹಿಂದೆಯೇ ಇನ್ನೊಂದು ವಾಸನೆ, ಬಹಳ ದಿನ ತೆರೆಯದ ಬಾಯಿಯದು.

ಅವನು ಮೂಗು ಮುರಿದ, ಅಷ್ಟೇ. ಮೇಣದಲ್ಲಿ ಅದ್ದದ ಸುರುಳಿಯ ಸುತ್ತುಗಳು ಸಡಿಲವಿರುತ್ತವೆ, ಹತ್ತಿರ ಕೂಗಿದರೆ ಅದುರಿ ಮಾತನ್ನೂ ಹಿಡಿಯುತ್ತವೆ. ಇದು ಕಸುಬಿನವರಿಗೆಲ್ಲ ಗೊತ್ತಿರುವ ವಿಷಯ. ಅವನು ಬಗ್ಗಿ ಸುರುಳಿಯ ಮೇಲೇ ಬಾಯಿಟ್ಟ.

"ನಾಳೆ ಹರಾಜಿಗೆ ಬರೋವೆಲ್ಲ ಕತ್ತೆಗಳು!"

ಸ್ಪೀಕರಿನಿಂದ ಅದೇ ಮಾತು ಹೊರಬಂತು. ಅವನಿಗೆ ಖುಷಿಯೋ ಖುಷಿ.

"ಮುಂದಿನ ಸಾಲಿನ ಹಲ್ಲು ಡಾಕ್ಟ್ರು! ಒಂದು ಹಾಡು ನುಡಿಸಕ್ಕೆ ಬರಲ್ಲ, ಮನೇಲಿ ಹನ್ನೆರಡು ಗಿಟಾರು!"

ಅದೂ ಬಂತು. ಕೊನೆಗೆ ಅವನು ದನಿ ಕೀರಲು ಮಾಡಿ, ಸತ್ತ ಹೆಂಗಸಿನಂತೆ ಹಾಡಿ ಅಣಕಿಸಿದ. ನಕ್ಕು ನಕ್ಕು ಕಣ್ಣೊರೆಸಿಕೊಂಡ.

ಈ ಸಲ ಸ್ಪೀಕರು ಸುಮ್ಮನಿತ್ತು.

ಆಮೇಲೆ, ಅವನು ಬಾಯಿ ಮುಚ್ಚಿಕೊಂಡಿರುವಾಗಲೇ, ಅವನ ದನಿ ಹೇಳಿತು: "ಕತ್ತೆಗಳು."

ಅವನು ಬೋರ್ಡಿನ ಸ್ವಿಚ್ಚು ಬಡಿದ. ಬಲ್ಬೂ ಅದೇ ಬೋರ್ಡಿನದು. ಕೋಣೆ ಕಪ್ಪಾಯಿತು. ಆಂಪ್ಲಿಫೈಯರಿನ ಕೆಂಪು ದೀಪ ಆರಿತು. ದನಿ ನಿಲ್ಲಲಿಲ್ಲ. ಕತ್ತಲಲ್ಲಿ ಯಾರೋ ಅವನ ದನಿಯನ್ನು ಹಾಕಿಕೊಂಡು ನೋಡುತ್ತಿದ್ದರು. ಮೇಲೆ ಏರಿಸಿದರು. ಕೆಳಗೆ ಇಳಿಸಿದರು. ಕೆಮ್ಮಿದರು. ಅವನ ಗಂಟಲು ಕೆರೆಯಿತು. ತಡಕಾಡಿದ. ಮುಚ್ಚಳ ಸಿಕ್ಕಿತು. ಸುರುಳಿಯ ಮೇಲೆ ಒತ್ತಿ ಹಿಡಿದ. ದನಿ ನಿಂತಿತು.

"ಕರೆಂಟು ಉಳಿದಿರುತ್ತೆ, ಅಷ್ಟೇ," ಎಂದ. ಮಾತು ಪಕ್ಕದ ಕೋಣೆಯಿಂದ ಬಂದಷ್ಟು ಸಣ್ಣಗಿತ್ತು. ಬಿಸಿನೀರು ಕುಡಿದರೆ ಸರಿಹೋಗುತ್ತದೆ ಎಂದುಕೊಂಡ. ಬುದ್ಧಿ ಇದ್ದಿದ್ದರೆ ಗಿಟಾರನ್ನು ಅಲ್ಲಿಂದಲೇ ವಾಪಸು ಕಳಿಸುತ್ತಿದ್ದ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಹಲ್ಲಿನ ಡಾಕ್ಟರು, ಕೊನೆಯ ಸಾಲಿನಲ್ಲಿ ಮುದುಕಿ. ಗಿಟಾರು ಸ್ಟ್ಯಾಂಡಿನ ಮೇಲಿತ್ತು. ಕೊಳ್ಳುವವರು ನೋಡಲೆಂದು ಸುರುಳಿಯ ಮುಚ್ಚಳ ತೆಗೆದಿಟ್ಟಿತ್ತು. ವೈರಿಲ್ಲ, ಆಂಪ್ಲಿಫೈಯರಿಲ್ಲ. ಅವನು ಎದೆಯುಬ್ಬಿಸಿ ಬಾಯಿ ತೆರೆದ.

ಟಿಂಯ್.

ಕರೆಂಟಿಲ್ಲದ ತಂತಿ ಮೀಟಿದಷ್ಟು ಸದ್ದು. ಡಾಕ್ಟರು ಕಿವಿಗೆ ಕೈಯಿಟ್ಟು ಮುಂದೆ ಬಾಗಿದರು.

"ಕತ್ತೆಗಳೆಲ್ಲ ಬಂದ್ವಾ?" ಸ್ಟ್ಯಾಂಡಿನ ಕಡೆಯಿಂದ ಅವನ ದನಿ ಸಭಾಂಗಣ ನಡುಗಿಸಿತು. "ಡಾಕ್ಟ್ರೇ, ಒಂದು ಹಾಡು ಬರಲ್ಲ, ಇದು ಹದಿಮೂರನೇದಾ?"

ಯಾರೋ ನಕ್ಕರು. ಆಮೇಲೆ ಅವನ ಮುಚ್ಚಿದ ತುಟಿ ನೋಡಿದರು. ನಗು ನಿಂತಿತು.

"ಈಗ ಮೊದಲನೇ ಮಾಲು. ಗಂಟಲು. ಮೇಲೆ ಗಟ್ಟಿಮುಟ್ಟು, ಒಳಗೆಲ್ಲ ಟೊಳ್ಳು. ಯಾರಿಗೆ ಬೇಕು?"

"ನಂಗೆ," ಎಂದಿತು ಅದೇ ತಂತಿಗಳಿಂದ ಒಂದು ಹೆಣ್ಣುದನಿ, ಒಣಗಿ ಸೀಳಿದ್ದು.

"ಒಂದು ಸಾರಿ," ಎಂದಿತು ಅವನ ದನಿ.

ಅವನು ಕಿರುಚಿದ. ಟಿಂಯ್.

"ಎರಡು ಸಾರಿ."

ಕುರ್ಚಿಗಳು ಉರುಳಿದವು. ಜನ ಬಾಗಿಲಿಗೆ ನುಗ್ಗಿದರು. ಅವನ ಬಲಗೈಯಲ್ಲಿ ಹರಾಜಿನ ಸುತ್ತಿಗೆ ಇತ್ತು. ಮೂವತ್ತು ವರ್ಷದಿಂದ ಆ ದನಿ ಮೂರು ಎಂದಾಗಲೆಲ್ಲ ಆ ಕೈ ಇಳಿದಿತ್ತು. ಬೆರಳು ಬಿಡಿಸಲು ನೋಡಿದ. ಬಿಡಲಿಲ್ಲ. ಎಡಗೈಯಿಂದ ಮಣಿಕಟ್ಟು ಹಿಡಿದ. ಹಲ್ಲಿನಿಂದ ಕಚ್ಚಿದ. ರಕ್ತ ಬಂತು.

"ಮೂರು ಸಾರಿ."

ಸುತ್ತಿಗೆ ಬಿತ್ತು.

ಸಭಾಂಗಣದಲ್ಲಿ ಉಳಿದವಳು ಮುದುಕಿಯೊಬ್ಬಳೇ. "ಹಾಡಿ, ಅತ್ತೆ," ಎಂದಳು ಮೆಲ್ಲಗೆ.

ಅತ್ತೆ ಹಾಡಿದಳು, ಅವನ ಅಷ್ಟು ದೊಡ್ಡ ಗಂಟಲನ್ನು ತುಂಬಿಕೊಂಡು. ಅವಳ ಅಣ್ಣ ಸುಮ್ಮಸುಮ್ಮನೆ ಅಣಕಿಸಿದ್ದ. ಅವಳು ಚೆನ್ನಾಗಿಯೇ ಹಾಡುತ್ತಿದ್ದಳು.