ಗೋಡೆಯ ಮೇಲಿನ ಬೆಲ್

ಕಾರು ಹಿಂದಕ್ಕೆ ಬಂತು.

ನನ್ನ ಬೆನ್ನಿಗೆ ಗೋಡೆ. ಗೋಡೆಗೂ ಬಂಪರಿಗೂ ನಡುವೆ ನಾನು, ನನ್ನ ಕೆಟ್ಟ ಮಂಡಿ.

ಹೆರಿಗೆ ಆಸ್ಪತ್ರೆಯ ಬೇಸ್‌ಮೆಂಟು. ಮೇಲೆ ಜನ ಹುಟ್ಟುತ್ತಿದ್ದಾರೆ. ಕೆಳಗೆ... ನೋಡಿ, ಎಂಥ ಅಚ್ಚುಕಟ್ಟು!

ಬಂಪರ್ ಮಂಡಿಗೆ ತಾಗಿ ನಿಂತಿತು. ಕಿಟಕಿಯ ಗಾಜು ಇಳಿಯಿತು.

"ಅಜ್ಜಾ, ಕಾಲು ಬೇಕಾ?"

"ಬೇಕಿತ್ತು. ಮನೆ ಮೇಲಿನ ಮಹಡೀಲಿದೆ. ಲಿಫ್ಟ್ ಇಲ್ಲ."

"ಹಾಗಿದ್ರೆ ಕೇಸು ಗೀಸು ಮರೆತುಬಿಡು."

ಅವನು ಆಸ್ಪತ್ರೆಯ ಮ್ಯಾನೇಜರು. ಟೈ ಕಟ್ಟುತ್ತಾನೆ, ಟೈ ಅನ್ನೋಣ. ದನಿ ಎತ್ತಿದವರ ಬಾಯಿ ಮುಚ್ಚಿಸುವುದೂ ಅವನದೇ ಕೆಲಸ. ನಾನೂ ಒಂದು ಕಾಲದಲ್ಲಿ ವಕೀಲರ ಕೈಕೆಳಗೆ ಓಡಾಡಿದವನು. ತಲೆ ತಪ್ಪಿಸಿಕೊಂಡ ಸಾಕ್ಷಿಗಳನ್ನು ಹುಡುಕಿ ತರುತ್ತಿದ್ದೆ. ಓದು ತಲೆಗೆ ಹತ್ತಲಿಲ್ಲ. ಕಣ್ಣಿಗೆ ಬಿದ್ದದ್ದು ಮಾತ್ರ ತಲೆಯಿಂದ ಇಳಿಯುವುದಿಲ್ಲ.

"ಹಾಕೋದೋ ಬಿಡೋದೋ ಇನ್ನೂ ತೀರ್ಮಾನವೇ ಆಗಿಲ್ಲಪ್ಪ," ಎಂದೆ. "ನೀನು ಕಾರು ಹತ್ತದೇ ಇದ್ದಿದ್ರೆ ನಾನು ತೆಪ್ಪಗೆ ಬಸ್ಸು ಹತ್ತುತ್ತಿದ್ದೆ."

ಅದು ನಿಜ!

ನನ್ನ ಮೊಮ್ಮಗಳ ಬಲಗೈ ಏಳುವುದಿಲ್ಲ. ಹುಟ್ಟುವಾಗ ತಲೆ ಬಂತು, ಭುಜ ಸಿಕ್ಕಿಕೊಂಡಿತು, ಎಳೆದರು. ಕತ್ತಿನ ನರ ಹರಿಯಿತು. ಎಳೆದದ್ದು ನರ್ಸಮ್ಮ. ಡಾಕ್ಟರು ಬಂದದ್ದು ಎಲ್ಲಾ ಮುಗಿದ ಮೇಲೆ.

ವಕೀಲರು ಬೆಳಿಗ್ಗೆಯೇ ಹೇಳಿದ್ದರು: "ಕೇಸ್ ಹಾಕೋ ಗಡುವು ಮುಗೀತಾ ಬಂತು. ಸಂಜೆಯೊಳಗೆ ಹೂಂ ಅನ್ನಿ, ಇಲ್ಲಾ ಉಹೂಂ ಅನ್ನಿ."

ಸೊಸೆ ಎರಡೂ ಅನ್ನಲಿಲ್ಲ.

"ಮಾವ, ಕೇಸ್ ಹಾಕಿದ್ರೆ ನರ್ಸಮ್ಮನ ತಲೆಗೇ ಬರುತ್ತೆ. ಅವತ್ತು ನನ್ನ ಕೈ ಬಿಡದೆ ಇದ್ದೋರು ಅವರೊಬ್ಬರೇ. ಹಾಕದೇ ಇದ್ರೆ... ಇವಳು ದೊಡ್ಡೋಳಾಗಿ ಕೇಳಿದಾಗ ಏನು ಹೇಳಲಿ? ತಪ್ಪು ಯಾರದು ಅಂತ ನೋಡ್ಕೊಂಡು ಬನ್ನಿ."

ನೋಡಲು ಬಂದಿದ್ದೆ. ಮುಂದಿನ ಹಾಲಿನಲ್ಲಿ ಸುಮ್ಮನೆ ಕೂತಿದ್ದೆ, ಅಷ್ಟೆ.

ತಲೆಯ ಮೇಲೆ ಬೆಲ್ ಹೊಡೆಯಿತು!

ಕೂತವರೆಲ್ಲ ಬೆಚ್ಚಿಬಿದ್ದರು. ಎದುರು ಕೋಣೆಯಿಂದ ಡಾಕ್ಟರು ಚಪ್ಪಲಿ ಅಲ್ಲೇ ಬಿಟ್ಟು ಹೆರಿಗೆ ಕೋಣೆಗೆ ಓಡಿದರು. ಸ್ವಲ್ಪ ಹೊತ್ತಿಗೆ ಮಗು ಅತ್ತಿತು. ಗಟ್ಟಿಯಾಗಿ.

ನಾನು ಗೋಡೆ ನೋಡಿದೆ. ನಮ್ಮ ಮಗು ಹುಟ್ಟಿದ ದಿನವೂ ಇದೇ ಕುರ್ಚಿಯಲ್ಲಿ ಕೂತಿದ್ದೆ. ಅವತ್ತು ಆ ಜಾಗದಲ್ಲಿ ನಗುವ ಕೂಸಿನ ಪಟ ಇತ್ತು. ಎದುರು ಕೋಣೆಯಲ್ಲಿ ಡಾಕ್ಟರೂ ಯಾರ ಮಾತಿಗೋ ನಗುತ್ತಿದ್ದರು.

"ಬೆಲ್ ಹೊಸದೇನಮ್ಮಾ?" ಎಂದು ರಿಸೆಪ್ಷನ್ ಹುಡುಗಿಯನ್ನು ಕೇಳಿದೆ.

"ಹೂಂ ತಾತ. ಹಿಂದೆ ಒಂದಿತ್ತಂತೆ. ಕೂತವರು ಹೆದರ್ತಾರೆ ಅಂತ ಮ್ಯಾನೇಜರ್ ಸರ್ ತೆಗೆಸಿದ್ರಂತೆ. ಈಗ ಯಾಕೋ ಮತ್ತೆ..."

ಮಾತು ನಿಂತಿತು. ನನ್ನ ಹಿಂದೆ ಟೈ ನಿಂತಿದ್ದ.

"ಬಾ ಅಜ್ಜಾ, ಹೊರಗೆ ಹೋಗೋ ದಾರಿ ತೋರಿಸ್ತೀನಿ."

ತೋರಿಸಿದ. ಬೇಸ್‌ಮೆಂಟು, ಕಾರು, ಗೋಡೆ... ಅಷ್ಟೂ ಹೇಳಿದ್ದೇನಲ್ಲ.

ಆಗಲೇ ಹಾರ್ನ್! ಕೊಳೆ ಬಟ್ಟೆ ಒಯ್ಯುವ ವ್ಯಾನು ಹೊರಡಬೇಕಿತ್ತು. ಟೈಯ ಕಾರು ದಾರಿಗೆ ಅಡ್ಡ. ಬೈದುಕೊಳ್ಳುತ್ತಾ ಮುಂದೆ ತೆಗೆದ. ನನಗೆ ಅಷ್ಟು ಸಾಕಾಯಿತು. ವ್ಯಾನಿನ ಹಿಂಬಾಗಿಲಲ್ಲಿ ತೂರಿ ಮೂಟೆಗಳ ನಡುವೆ ನಾನೂ ಒಂದು ಮೂಟೆಯಾದೆ.

"ಯಾರದು?" ಡ್ರೈವರ್ ಕೂಗಿದ. "ಏನ್ ಹಿರೀಕರೇ, ಓಡಿಹೋಗ್ತಾ ಇದ್ದೀರಾ?"

"ಓಡೋ ವಯಸ್ಸಲ್ಲಪ್ಪ. ನೀನು ಓಡ್ಸು!"

ಓಡಿಸಿದ. ಟೈ ಬೆನ್ನು ಹತ್ತಿದ. ನಾವು ಸಿಗ್ನಲ್ ಹಾರಿಸಿದೆವು. ಅವನೂ ಹಾರಿಸಿದ! ತಿರುವಿನಲ್ಲಿ ಹಿಂಬಾಗಿಲು ತೆರೆದುಕೊಂಡು ಒಂದು ಮೂಟೆ ಜಾರಿತು. ನಾನು ತಳ್ಳಲಿಲ್ಲ ಎಂದು ಪ್ರಮಾಣ ಮಾಡಲಾರೆ. ಕಾರಿನ ಗಾಜಿನ ತುಂಬ ಅವರದೇ ಆಸ್ಪತ್ರೆಯ ಕೊಳೆ ಬೆಡ್‌ಶೀಟು.

ಕಾರು ಕಂಬ ತಬ್ಬಿಕೊಂಡಿತು.

ವ್ಯಾನಿನಿಂದ ಇಳಿದು ನೇರ ನರ್ಸಮ್ಮನ ಮನೆಗೆ ಹೋದೆ. ಅವರನ್ನು ರಜೆಯ ಮೇಲೆ ಮನೆಗೆ ಕಳಿಸಿದ್ದರು. ತುದಿಮೊದಲಿಲ್ಲದ ರಜೆ. ಬಾಗಿಲಲ್ಲೇ ನಿಂತು ಮಾತಾಡಿದರು.

"ಎಳೆದದ್ದು ನಾನೇ ಯಜಮಾನರೇ. ಸುಳ್ಳು ಹೇಳೋಲ್ಲ."

"ಡಾಕ್ಟರನ್ನ ಕರೀಲಿಲ್ವಾ?"

"ಭುಜ ಸಿಕ್ಕಿದ ತಕ್ಷಣ ಸ್ವಿಚ್ ಒತ್ತಿದೆ. ಕೈಗೆ ಬಿದ್ದ ಅಭ್ಯಾಸ! ಬೆಲ್ ತೆಗೆದಿದ್ರು, ಇನ್ಮೇಲೆ ಫೋನ್ ಮಾಡಿ ಅಂದಿದ್ರು. ಸ್ವಿಚ್ ಮಾತ್ರ ಒಳಗಡೆ ಹಾಗೇ ಬಿಟ್ಟಿದ್ರು. ಒತ್ತಿದೆ... ಬರ್ತಾರೆ ಅಂದ್ಕೊಂಡೆ... ಮತ್ತೆ ಒತ್ತಿದೆ... ಮಗು ನೀಲಿಯಾಗ್ತಾ ಬಂತು. ಎಳೆದೆ."

"ಕೇಸ್ ಹಾಕಿದ್ರೆ ನಿಮ್ಮ ಹೆಸರೂ ಬರುತ್ತೆ."

"ಬರಲಿ ಬಿಡಿ. ಆ ಸ್ವಿಚ್ಚಿನ ಕತೆ ಕೇಳೋಕೆ ಒಬ್ಬರಾದ್ರೂ ಸಿಗ್ತಾರೆ."

ಮನೆಗೆ ಬಂದಾಗ ಮಗು ಮಲಗಿತ್ತು. ಟೈ ಬಂದೇ ಬರುತ್ತಾನೆಂದು ಗೊತ್ತಿತ್ತು. ಮಗು ಏಳದಿರಲೆಂದು ಬಾಗಿಲ ಬೆಲ್ಲನ್ನು ಗೋಡೆಯಿಂದ ಬಿಚ್ಚಿದೆ. ಹೊರಗಿನ ಸ್ವಿಚ್ ಹಾಗೇ ಬಿಟ್ಟೆ. ಬಿಚ್ಚುತ್ತಲೇ ಸೊಸೆಗೆ ಎಲ್ಲಾ ಹೇಳಿದೆ. ಹುಡುಗಿ ಹೇಳಿದ್ದು, ನರ್ಸಮ್ಮ ಹೇಳಿದ್ದು, ಬಿಡದೆ.

ಸೊಸೆ ಮಗುವಿನ ಬಲಗೈಯನ್ನು ಮೆಲ್ಲಗೆ ಎತ್ತಿದಳು. ಬಿಟ್ಟಳು.

ಬಿತ್ತು.

ವಕೀಲರಿಗೆ ಫೋನ್ ಮಾಡಿದಳು. "ಹೂಂ," ಅಂದಳು. ಇಟ್ಟಳು.

ಸ್ವಲ್ಪ ಹೊತ್ತಿಗೆ ಬಾಗಿಲು ಧಡಧಡ! ಸೊಸೆ ಸರಪಳಿ ತೆಗೆಯದೆ ಬೆರಳಷ್ಟು ಸರಿಸಿದಳು. ಟೈ. ಹಣೆಗೆ ಪಟ್ಟಿ, ಟೈ ಸೊಟ್ಟ.

"ಆಗಿಂದ ಒತ್ತುತ್ತಾ ಇದ್ದೀನಿ! ಯಾರಿಗೂ ಕೇಳ್ಸೋಲ್ವಾ? ಏನಾಗಿದೆ ನಿಮ್ಮ ಬೆಲ್ಲಿಗೆ?"

"ತೆಗೆಸಿದ್ದೀವಿ ಸರ್," ಎಂದಳು ಸೊಸೆ. "ಕೂತವರು ಹೆದರ್ತಾರೆ."