ಕಪ್ಪು ಗೌನಿನ ಮೊದಲ ಪ್ರಿಂಟು

ಮೆಟ್ಟಿಲ ಕಟಕಟೆಗೆ ಒರಗಿ ನಿಂತ ಆ ಕಪ್ಪು ಗೌನಿನ ಹುಡುಗಿ ಈಗ ಎಲ್ಲೆಲ್ಲೂ ಇದ್ದಳು. ಕಾಫಿ ಅಂಗಡಿಯ ಗೋಡೆ, ಕ್ಯಾಲೆಂಡರು, ಕಾಲೇಜು ಹುಡುಗಿಯರ ಬ್ಯಾಗು. ನಿಜದಲ್ಲಿ ಅವಳಿಗೆ ಎಪ್ಪತ್ತು ದಾಟಿತ್ತು. ಚಿತ್ರದಲ್ಲಿ ಇಪ್ಪತ್ತೆರಡು ಅಲುಗಾಡದೆ ನಿಂತಿತ್ತು. ಕೆಳಗೆ ಫೋಟೋಗ್ರಾಫರನ ಹೆಸರು. ಸ್ಟುಡಿಯೋದವರೆಲ್ಲ ದೊಡ್ಡವರು ಎನ್ನುತ್ತಿದ್ದ ಆತ ತೀರಿಕೊಂಡು ಹತ್ತು ವರ್ಷವಾದರೂ ಹೆಸರು ಬೆಳೆಯುತ್ತಲೇ ಇತ್ತು. ಆ ಕೆನ್ನೆಗೆ ನುಣುಪು, ಆ ಕತ್ತಿಗೆ ನೆರಳು ಕೊಟ್ಟವನನ್ನು ಯಾರೂ ಕೇಳಲಿಲ್ಲ. ಟಚಪ್ ಮಾಡುವವನೆಂದು ಅವನನ್ನು ಟಚ್ಚಪ್ಪ ಎಂದು ಕರೆದು ನಕ್ಕಿದ್ದರು, ಅಷ್ಟೇ. ಮೂವತ್ತೆಂಟು ವರ್ಷ ಡಾರ್ಕ್‌ರೂಮಿನ ಕೆಂಪು ದೀಪದ ಕೆಳಗೆ ಕೂತು ಅವನ ಹೊಟ್ಟೆ ಉರಿದಿತ್ತು.

ಚಿತ್ರ ತೆಗೆದ ವರ್ಷವೇ ಹಾಕಿದ ಪ್ರಿಂಟು ಸಿಕ್ಕರೆ ಕೇಳಿದ್ದು ಕೊಡುತ್ತೇವೆ ಎಂದು ವಸ್ತುಸಂಗ್ರಹಾಲಯ ಪ್ರಕಟಿಸಿತು. ಒಂದೂ ಉಳಿದಿಲ್ಲ ಎಂದಳು ದೊಡ್ಡವರ ಮಗಳು. ಹಾಗಾದರೆ ಒಂದು ಹುಟ್ಟಲಿ, ಅಂದುಕೊಂಡ ಟಚ್ಚಪ್ಪ.

ನೆಗೆಟಿವ್ ಅವನಲ್ಲೇ ಇತ್ತು. ಸ್ಟುಡಿಯೋ ಮುಚ್ಚಿದಾಗ ಆ ಮಗಳೇ ಕಸವೆಂದು ಅವನ ತಲೆಗೆ ಕಟ್ಟಿದ ಪೆಟ್ಟಿಗೆಗಳಲ್ಲಿ ಅದೂ ಬಂದಿತ್ತು. ಪ್ರಿಂಟು ಹಾಕುವ ಆ ಕಾಲದ ಕಾಗದದ ಡಬ್ಬವೊಂದು ಮನೆಯ ಫ್ರಿಜ್ಜಿನಲ್ಲಿ ವರ್ಷಗಟ್ಟಲೆ ತಣ್ಣಗೆ ಮಲಗಿತ್ತು.

"ರೀ, ಅದನ್ನ ತೆಗೀರಿ. ಸೊಪ್ಪು ಇಡೋಕೂ ಜಾಗ ಇಲ್ಲ," ಎನ್ನುತ್ತಿದ್ದಳು ಹೆಂಡತಿ.

"ಮುಟ್ಬೇಡ ಮಾರಾಯ್ತಿ. ಅದೇ ನಮ್ಮ ಪೆನ್ಷನ್ನು."

ಆರು ಹಾಳೆಗಳಲ್ಲಿ ಐದು ಮಸುಕಾದವು. ಆರನೆಯದು ಹೂವಿನಂತೆ ಅರಳಿತು. ಚಹಾದಲ್ಲಿ ಅದ್ದಿ ಹಳದಿ ಮಾಡುವುದು ಅರೆಬೆಂದವರ ಕೆಲಸ. ಟಚ್ಚಪ್ಪ ಅದನ್ನು ಮರದ ಡ್ರಾಯರಿನಲ್ಲಿ ಎಂಟು ತಿಂಗಳು ಇಟ್ಟು, ಮೂಲೆಗಳು ತಾವಾಗಿಯೇ ಸವೆಯಲು ಬಿಟ್ಟ. ಅದೇ ಪೆಟ್ಟಿಗೆಗಳಲ್ಲಿ ಬಂದಿದ್ದ ಸ್ಟುಡಿಯೋದ ಹಳೆಯ ಸೀಲಿನ ಚಕ್ರವನ್ನು ಚಿತ್ರ ತೆಗೆದ ವರ್ಷಕ್ಕೆ ತಿರುಗಿಸಿ ಪ್ರಿಂಟಿನ ಬೆನ್ನಿಗೆ ಒತ್ತಿದ. ನೆಗೆಟಿವ್ ಸುಟ್ಟ. ಆ ವರ್ಷವೇ ದೊಡ್ಡವರು ತನಗೆ ಕೊಟ್ಟರು, ಅಂದಿನಿಂದ ಅದು ಟ್ರಂಕು ಬಿಟ್ಟು ಕದಲಿಲ್ಲ ಎಂದು ಪ್ರಮಾಣಪತ್ರಕ್ಕೆ ಸಹಿ ಹಾಕಿದ. ಸುಳ್ಳೆಂದು ಗೊತ್ತಾದರೆ ಮುಪ್ಪಿನಲ್ಲಿ ಜೈಲು. ಆದರೆ ಗೊತ್ತಾಗುವುದು ಹೇಗೆ?

ವಸ್ತುಸಂಗ್ರಹಾಲಯದ ಪರೀಕ್ಷಕಿ ಮೂರು ವಾರ ಭೂತಗನ್ನಡಿ ಹಿಡಿದು ಕೂತಳು. ಕಾಗದ ಸರಿ, ಸೀಲು ಸರಿ. ಹಸ್ತಾಂತರದ ಬೆಳಗ್ಗೆ ಟಚ್ಚಪ್ಪನನ್ನು ಮುಂದಿನ ಸಾಲಿನಲ್ಲಿ, ನಿರ್ದೇಶಕರಿಗೂ ಪರೀಕ್ಷಕಿಗೂ ನಡುವೆ ಕೂರಿಸಿದರು. ಎಡಕ್ಕೂ ಬಲಕ್ಕೂ ಮೊಣಕೈ ತಾಗುವಷ್ಟು ಇಕ್ಕಟ್ಟು. ಕೋಟಿನ ಕಾಲರು ಬಿಗಿಯುತ್ತಿತ್ತು, ಹಿಂದೆ ಬಾಗಿಲು ಮುಚ್ಚಿದ್ದರು. ಯಾಕೋ ಅವನಿಗೆ ಎದ್ದು ಹೋಗಬೇಕೆನಿಸಿತು.

"ಇವತ್ತಿನ ವಿಶೇಷ ಅತಿಥಿ," ಎಂದರು ನಿರ್ದೇಶಕರು. ಪಕ್ಕದ ಬಾಗಿಲಿನಿಂದ ಊರುಗೋಲು ಹಿಡಿದು ಬಂದವಳು ಆ ಕಪ್ಪು ಗೌನಿನವಳೇ. ಟಚ್ಚಪ್ಪನನ್ನು ಕಂಡು ಅವಳ ಮುಖ ಅರಳಿತು. ಅವನಿಗೂ ಕಣ್ಣು ತುಂಬಿತು, ಸುಳ್ಳಲ್ಲ.

ಅವಳು ಮೇಜಿನ ಮೇಲಿದ್ದ ಪ್ರಿಂಟಿಗೆ ಬಾಗಿ ಬಹಳ ಹೊತ್ತು ನೋಡಿದಳು. "ಅಯ್ಯೋ, ನನ್ನ ತೋಳು ಎಷ್ಟು ನುಣುಪಾಗಿದೆ ನೋಡಿ! ಇಲ್ಲಿ ಲಸಿಕೆ ಹಾಕಿದ ಗುರುತಿತ್ತು, ಕಾಸಿನಗಲ. ಮೊದಮೊದಲ ಪ್ರಿಂಟುಗಳಲ್ಲೆಲ್ಲ ಎದ್ದು ಕಾಣ್ತಿತ್ತು. ಮದುವೆ ಆದ್ಮೇಲೆ ನಾನೇ ಹೋಗಿ ಹಟ ಹಿಡಿದೆ. ಇವರು ನೆಗೆಟಿವ್ ಮೇಲೇ ಪೆನ್ಸಿಲ್ ಆಡಿಸಿ ಅದನ್ನ ಮಾಯ ಮಾಡಿಬಿಟ್ರು." ಸಾವಿರಾರು ಗುರುತು ಅಳಿಸಿದ್ದ ಟಚ್ಚಪ್ಪನಿಗೆ ಈ ಒಂದು ನೆನಪಿರಲಿಲ್ಲ. ಅವಳು ಸಭೆಯತ್ತ ತಿರುಗಿದಳು. "ಹೆಸರು ದೊಡ್ಡವರದ್ದು, ಕೈ ಮಾತ್ರ ಇವರದ್ದೇ. ಚಪ್ಪಾಳೆ ಹೊಡೀರಿ ಇವರಿಗೆ!" ಜೀವಮಾನವೆಲ್ಲ ಕಾದಿದ್ದ ಆ ಚಪ್ಪಾಳೆ ಸಭಾಂಗಣ ತುಂಬಿತು. ಪರೀಕ್ಷಕಿ ಒಬ್ಬಳು ತಟ್ಟಲಿಲ್ಲ. ಎದ್ದು ಹೋಗಿ ಪ್ರಿಂಟನ್ನು ಮಗುಚಿ ಸೀಲಿನ ವರ್ಷ ಓದಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಮೇಡಂ, ನಿಮ್ಮ ಮದುವೆ ಆಗಿದ್ದು ಯಾವ ವರ್ಷ?"